ಸದ್ದಿಲ್ಲದ ಗಾಡಿಗೆ ಎತ್ತರದ ಹುಚ್ಚು

ಗಾಲ್ಫ್ ಗಾಡಿಯನ್ನು ಬೇಟೆಗೆ ಒಗ್ಗಿಸಲು ಹೊರಟವರು ಮೊಟ್ಟಮೊದಲು ಮಾಡುವ ಕೆಲಸ ರಿವರ್ಸ್ ಬಜರಿನ ತಂತಿ ಕಿತ್ತುಹಾಕುವುದು. ಮೈದಾನದಲ್ಲಿ ಹಿಂದೆ ನಿಂತವರು ಎಚ್ಚರಗೊಳ್ಳಲಿ ಎಂದು ಇಟ್ಟಿರುವ ಆ ಪೀಂ ಪೀಂ ಸದ್ದು ನಸುಕಿನ ಕಾಡಿನಲ್ಲಿ ಎಷ್ಟು ದೂರ ಹೋಗುತ್ತದೆ ಎಂಬುದು ಅಲ್ಲಿ ನಿಂತು ಕೇಳಿದವರಿಗೇ ಗೊತ್ತು. ಬಜರ್ ಹೋದಮೇಲೆ ಇನ್ನೊಂದು ಸದ್ದು ಉಳಿಯುತ್ತದೆ. ಪೆಡಲ್ ಮೇಲೆ ಕಾಲಿಟ್ಟ ಕೂಡಲೇ ಸೀಟಿನಡಿಯ ಸೊಲೆನಾಯ್ಡ್ 'ಟಕ್' ಎನ್ನುತ್ತದೆ. ಹಗಲಲ್ಲಿ ಯಾರೂ ಗಮನಿಸದ ಸದ್ದು ಅದು. ಬೆಳಗಿನ ಐದೂವರೆಗೆ, ಪೈನ್ ಮರಗಳ ನಡುವೆ ಇಬ್ಬನಿ ತೊಟ್ಟಿಕ್ಕುವುದೂ ಕೇಳುವಾಗ, ಕೊಡಲಿ ಕಲ್ಲಿಗೆ ತಾಗಿದ ಹಾಗೆ ಕೇಳುತ್ತದೆ. ಅದನ್ನು ಅಡಗಿಸಲು ಜನ ಹಳೆಯ ಟ್ಯೂಬ್ ಕತ್ತರಿಸಿ ಸೊಲೆನಾಯ್ಡಿನ ಅಡಿಗೆ ರಬ್ಬರಿನ ಹಾಸು ಕೊಟ್ಟಿರುವುದನ್ನು ನೋಡಿದ್ದೇನೆ. ಎರಡು ಇಂಚಿನ ಆ ರಬ್ಬರ್ ತುಂಡಿನಲ್ಲಿ ಈ ಕಸುಬಿನ ನಿಜವಾದ ತಿಳಿವಳಿಕೆ ಇದೆ. ಅದೇ ಗಾಡಿಯ ಉಳಿದ ಭಾಗವನ್ನು ನೋಡಿದರೆ ಮಾತ್ರ ಆ ತಿಳಿವಳಿಕೆ ಎಲ್ಲಿ ಹೋಯಿತು ಎಂದು ಬೇಸರವಾಗುತ್ತದೆ.

ನಾನು ಬೇಟೆಗಾರನಲ್ಲ. ಮಲೆನಾಡಿನಲ್ಲಿ ಹುಟ್ಟಿ ಬೆಳೆದು, ಮೋಟಾರುಗಳ ಕೆಲಸ ಕಲಿತು, ಈಗ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ನೆಲೆಸಿದ್ದೇನೆ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಮರದ ಕಂಪನಿಯೊಂದರ ಪೈನ್ ತೋಪನ್ನು ಹತ್ತಾರು ಜನ ಸೇರಿ ಬೇಟೆಗೆಂದು ಗುತ್ತಿಗೆ ಹಿಡಿದಿದ್ದಾರೆ, ಅದರಲ್ಲಿ ಅವರೂ ಒಬ್ಬರು. ಅವರ ಗಾಡಿಗೆ ಸ್ಪ್ಯಾನರ್ ಹಿಡಿದುಕೊಂಡು ಹೋದವನು ನಿಧಾನವಾಗಿ ಅವರ ಗೆಳೆಯರ ಗಾಡಿಗಳಿಗೂ ವೈದ್ಯನಾದೆ. ಇಲ್ಲಿ ಬರೆಯುತ್ತಿರುವುದು ಆ ಗಾಡಿಗಳ ಅಡಿಯಲ್ಲಿ ಮಲಗಿ ಕಂಡದ್ದು.

ಬೇಟೆ ಎಂದಾಗ ಕನ್ನಡದ ಓದುಗರಿಗೆ ಹಳೆಯ ಕಾಲ ನೆನಪಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ನಮ್ಮಲ್ಲಿ ಅದು ಅಪರಾಧ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳಲ್ಲಿ, ಊರಿನ ಹಿರಿಯರ ಬಾಯಲ್ಲಿ ಉಳಿದಿರುವುದಷ್ಟೇ. ಜಾರ್ಜಿಯಾದಲ್ಲಿ ಅದು ಕಾನೂನಿನ ಒಳಗೇ ನಡೆಯುತ್ತದೆ: ಲೈಸೆನ್ಸ್ ಉಂಟು, ಋತು ಉಂಟು, ಇಷ್ಟೇ ಜಿಂಕೆ ಎಂಬ ಮಿತಿ ಉಂಟು. ಕೋವಿಯ ಋತುವಿನಲ್ಲಿ ಜಿಂಕೆಗೆ ಹೋಗುವವರ ಮೈಮೇಲೆ 500 ಚದರ ಇಂಚು ಕಿತ್ತಳೆ ಬಣ್ಣದ ಬಟ್ಟೆ ಇರಲೇಬೇಕು. ಮನುಷ್ಯರ ಕಣ್ಣಿಗೆ ಹೊಡೆಯುವ ಆ ಬಣ್ಣ ಜಿಂಕೆಗೆ ಮಂಕಾಗಿಯೇ ಕಾಣುತ್ತದೆ.

ನಮ್ಮ ಕಡೆ ಮರಸು ಕೂರುವುದು ಎನ್ನುತ್ತಿದ್ದರಲ್ಲ, ಇಲ್ಲಿಯ ಬಿಳಿಬಾಲದ ಜಿಂಕೆಯ ಬೇಟೆ ಬಹುಮಟ್ಟಿಗೆ ಅದೇ. ಮರಕ್ಕೆ ಕಟ್ಟಿದ ಅಟ್ಟಣೆಯ ಮೇಲೆ ಕತ್ತಲಲ್ಲೇ ಹತ್ತಿ ಕೂತು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿಕೊಂಡು, ಉಸಿರು ಬಿಗಿಹಿಡಿದು ಕಾಯುವುದು. ಹಾಗಾಗಿ ಗಾಡಿಯ ಕೆಲಸ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದಲ್ಲ. ಓಡುವ ವಾಹನದಿಂದ ಗುಂಡು ಹಾರಿಸುವುದನ್ನು ಹೆಚ್ಚಿನ ರಾಜ್ಯಗಳು ನಿಷೇಧಿಸಿವೆ. ನಸುಕಿನಲ್ಲಿ ಯಾರಿಗೂ ಕೇಳಿಸದಂತೆ ಒಳಗೆ ಹೋಗಬೇಕು, ಬಿಸಿಲೇರಿದ ಮೇಲೆ ಅರವತ್ತು ಎಪ್ಪತ್ತು ಕಿಲೋ ತೂಗುವ ಜಿಂಕೆಯನ್ನು ಹೊತ್ತು ಹೊರಗೆ ಬರಬೇಕು. ಇಷ್ಟೇ ಅದರ ಕೆಲಸ. ಇದಕ್ಕೆ ಬೇಕಾದ್ದು ಮೌನ ಮತ್ತು ನಿಧಾನದ ಎಳೆತ. ಬ್ಯಾಟರಿ ಗಾಡಿಗೆ ಈ ಎರಡೂ ಹುಟ್ಟಿನಿಂದಲೇ ಬಂದ ಗುಣ. ಪೆಟ್ರೋಲ್ ವಾಸನೆ ಇಲ್ಲ ಎಂಬುದು ಮೂರನೆಯದು, ಮೂಗಿನಿಂದ ಬದುಕುವ ಪ್ರಾಣಿಯ ಮುಂದೆ ಅದೂ ಸಣ್ಣ ವಿಷಯವಲ್ಲ.

ಈ ಹವ್ಯಾಸ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬೇರೂರಿದ್ದಕ್ಕೆ ಕಾರಣ ದೂರ ಹುಡುಕಬೇಕಿಲ್ಲ. ಈಝೀ-ಗೋ 1954ರಲ್ಲಿ ಹುಟ್ಟಿದ್ದು ಜಾರ್ಜಿಯಾದ ಅಗಸ್ಟಾದಲ್ಲಿ. ಕ್ಲಬ್ ಕಾರ್ ಇರುವುದೂ ಅದೇ ಊರಿನಲ್ಲಿ. ಯಮಾಹಾ ತನ್ನ ಗಾಲ್ಫ್ ಗಾಡಿಗಳನ್ನು ಮಾಡುವ ನ್ಯೂನನ್ ಕೂಡ ಇದೇ ರಾಜ್ಯದ್ದು. ಗಾಲ್ಫ್ ಕ್ಲಬ್ಬುಗಳು ಕೆಲವು ವರ್ಷ ಓಡಿಸಿ ಮಾರಿದ ಗಾಡಿಗಳು ಸುತ್ತಲಿನ ಹಳ್ಳಿಗಳ ಕೊಟ್ಟಿಗೆ ಸೇರುತ್ತವೆ. ಹೊಸ ಆಫ್-ರೋಡ್ ಗಾಡಿಯ ಬೆಲೆಯ ಸಣ್ಣ ಪಾಲಿಗೆ ಸಿಗುವ, ಮನೆಯ ಷೆಡ್ಡಿನಲ್ಲೇ ಬಿಚ್ಚಿ ಜೋಡಿಸಬಹುದಾದ ಸರಳ ಯಂತ್ರ ಅದು. ಲಾಲ್‌ಬಾಗಿನಲ್ಲಿ ಹಿರಿಯರನ್ನು ಕೂರಿಸಿಕೊಂಡು ತಿರುಗುವ ಬ್ಯಾಟರಿ ಗಾಡಿಯನ್ನು ನೋಡಿದವರಿಗೆ ಇದರ ಜಾತಿ ಗೊತ್ತಾಗುತ್ತದೆ: ಒಂದು ಮೋಟಾರು, ಒಂದು ಕಂಟ್ರೋಲರ್, ಸೀಟಿನಡಿ ಸಾಲು ಬ್ಯಾಟರಿ, ಹಿಂದಿನ ಎರಡು ಚಕ್ರಕ್ಕಷ್ಟೇ ಎಳೆತ. ಗೇರ್ ಹಾಕುವ ತಂಟೆಯೇ ಇಲ್ಲ.

ಇಂಥ ಗಾಡಿ ತಂದವರು ಬಜರಿನ ತಂತಿ ಕಿತ್ತ ಮಾರನೆಯ ದಿನವೇ ಆರಿಂಚಿನ ಲಿಫ್ಟ್ ಕಿಟ್ ತರಿಸುತ್ತಾರೆ. ನನ್ನ ತಕರಾರು ಇಲ್ಲಿಂದ ಶುರು.

ಲಿಫ್ಟ್ ಕಿಟ್ ಗಾಡಿಯ ಮೈಯನ್ನು ಎತ್ತುತ್ತದೆ. ಹಿಂದೆ ಕಮಾನು ಪಟ್ಟಿಯ ಮೇಲೆ ಕಬ್ಬಿಣದ ದಿಮ್ಮಿ ಇಟ್ಟು ಚಾಸಿಯನ್ನು ಮೇಲಕ್ಕೆ ಏರಿಸುತ್ತಾರೆ. ಆದರೆ ಹಿಂದಿನ ಆಕ್ಸಲ್ ಇದ್ದಲ್ಲೇ ಇರುತ್ತದೆ. ಅದರ ನಡುವೆ ಹೊಟ್ಟೆಯಂತೆ ಜೋತ ಡಿಫರೆನ್ಶಿಯಲ್ ಇದೆಯಲ್ಲ, ಬೊಡ್ಡೆಗೆ, ಕಲ್ಲಿಗೆ ಮೊದಲು ತಾಗುವುದು ಅದು. ಆ ಹೊಟ್ಟೆಯನ್ನು ನೆಲದಿಂದ ಮೇಲೆತ್ತುವ ಶಕ್ತಿ ಲಿಫ್ಟಿಗೆ ಇಲ್ಲ, ಟೈರಿಗೆ ಮಾತ್ರ ಇದೆ. ಕಂಪನಿಯಿಂದ ಬರುವ ಟೈರಿನ ಎತ್ತರ 18 ಇಂಚು. ಅದನ್ನು ತೆಗೆದು 22 ಇಂಚಿನದ್ದು ಹಾಕಿದರೆ ಆಕ್ಸಲ್ ಏರುವುದು ವ್ಯತ್ಯಾಸದ ಅರ್ಧದಷ್ಟು, ಎರಡೇ ಇಂಚು. ಅಂದರೆ ಸೀಟಿನಲ್ಲಿ ಕೂತ ಮನುಷ್ಯ ಎಂಟು ಇಂಚು ಮೇಲೇರಿದ, ನೆಲಕ್ಕೆ ತಾಗುವ ಭಾಗ ಎರಡು ಇಂಚು ಏರಿತು. ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜದಿರಲಿ ಎನ್ನುವುದೊಂದೇ ಲಿಫ್ಟಿನ ನ್ಯಾಯವಾದ ಉಪಯೋಗ. 20 ಇಂಚಿನ ಟೈರನ್ನು ಅನೇಕ ಗಾಡಿಗಳಿಗೆ ಲಿಫ್ಟೇ ಇಲ್ಲದೆ ಕೂರಿಸಬಹುದು.

ಆ ಎಂಟು ಇಂಚಿಗೆ ಕೊಡುವ ಬೆಲೆ ಅಡ್ಡ ಇಳಿಜಾರಿನಲ್ಲಿ ಗೊತ್ತಾಗುತ್ತದೆ. ಗಾಲ್ಫ್ ಗಾಡಿ ಕಿರಿದು, ನಾಲ್ಕು ಅಡಿ ಅಗಲ ಅಷ್ಟೇ. ಸಪಾಟು ಹುಲ್ಲಿನ ಮೇಲೆ ಇಬ್ಬರನ್ನೂ ಎರಡು ಚೀಲವನ್ನೂ ಸಾಗಿಸಲು ಹುಟ್ಟಿದ್ದು. ಹೆಚ್ಚಿನವುಗಳಲ್ಲಿ ಸೀಟ್ ಬೆಲ್ಟ್ ಇಲ್ಲ, ಬಾಗಿಲಿಲ್ಲ, ಮೇಲಿನ ಛಾವಣಿ ಬಿಸಿಲಿಗೆ ಹೊರತು ಪಲ್ಟಿಯಾದಾಗ ತಲೆ ಕಾಯಲಿಕ್ಕಲ್ಲ. ಇಂಥದ್ದನ್ನು ಎತ್ತರಕ್ಕೇರಿಸಿ, ಹಿಂದೆ ಕೋವಿಯ ಸ್ಟ್ಯಾಂಡು, ಮೇಲೆ ಸಾಮಾನಿನ ಕ್ಯಾರಿಯರ್ ಕಟ್ಟಿ, ಪೈನ್ ತೋಪಿನ ಅಡ್ಡ ಇಳಿಜಾರಿಗೆ ಬಿಡುವುದು ನನ್ನ ಕಣ್ಣಿಗೆ ಅಪಾಯವೇ. ಮಾಡಲೇಬೇಕೆಂದರೆ ಹಿಂದಿನ ಚಕ್ರಗಳಿಗೆ ಸ್ಪೇಸರ್ ಕೊಟ್ಟು ಅಗಲವಾದರೂ ಹೆಚ್ಚಲಿ. ಹಾಗೆ ಮಾಡಿದಾಗ ಬೇರಿಂಗಿನ ಮೇಲೆ ಹೊರೆ ಬೀಳುತ್ತದೆ, ನಿಜ. ಬೇರಿಂಗ್ ಬದಲಿಸಬಹುದು.

ಎತ್ತರ ಕಣ್ಣಿಗೆ ಕಾಣುತ್ತದೆ, ಗೇರ್ ಕಾಣುವುದಿಲ್ಲ. ಹಣ ತಪ್ಪು ಕಡೆ ಹೋಗುವುದು ಇದರಿಂದಲೇ ಎಂದು ನಾನು ನಂಬಿದ್ದೇನೆ. ಮೋಟಾರು ಹನ್ನೆರಡೂವರೆ ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು, ಕಂಪನಿಯ ಲೆಕ್ಕ ಹೆಚ್ಚುಕಮ್ಮಿ ಹೀಗಿದೆ. 18ರ ಜಾಗದಲ್ಲಿ 22 ಇಂಚಿನ ಟೈರು ಬಂತೆಂದರೆ ಪ್ರತಿ ಸುತ್ತಿಗೂ ಗಾಡಿ ಶೇಕಡಾ 22ರಷ್ಟು ಹೆಚ್ಚು ದೂರ ಹೋಗುತ್ತದೆ. ಹನ್ನೆರಡೂವರೆಯ ಗೇರು ಹತ್ತು ಚಿಲ್ಲರೆಗೆ ಇಳಿದ ಹಾಗೆ. ಗಂಟೆಗೆ 14 ಮೈಲಿ ಓಡುತ್ತಿದ್ದದ್ದು 17 ಓಡುತ್ತದೆ, ಕೊಂಡವರಿಗೆ ಖುಷಿಯಾಗುತ್ತದೆ. ಆದರೆ ನೆಲವನ್ನು ತಳ್ಳುವ ಬಲ ಶೇಕಡಾ 18ರಷ್ಟು ಕಡಿಮೆಯಾಯಿತು. ಕಾಡಿಗೆ ಬೇಕಾಗಿದ್ದು ವೇಗವೋ ಬಲವೋ? ಕಳೆದುಕೊಂಡ ಬಲವನ್ನು ವಾಪಸು ತರಲು ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ. ಅದಕ್ಕೆಂದು 300 ಆಂಪಿಯರಿನ ಕಂಟ್ರೋಲರ್ ತೆಗೆದು 400, 500ರದ್ದು ಹಾಕುತ್ತಾರೆ. ಹಾಕಿದ ಮೇಲೆ ಹಳೆಯ ಕೇಬಲ್ಲು ಹಾಗೇ ಉಳಿದಿರುತ್ತದೆ.

ಹಳೆಯ ಕೇಬಲ್ಲು ಹಾಗೇ ಉಳಿದರೆ ಏನಾಗುತ್ತದೆ ಎಂದು ಒಂದು ನವೆಂಬರ್ ಸಂಜೆ ಕಣ್ಣಾರೆ ಕಂಡೆ. ಮಳೆ ಬಿದ್ದ ಮರುದಿನ. ಜಾರ್ಜಿಯಾದ ಕೆಂಪು ಜೇಡಿ ನಮ್ಮ ಮಲೆನಾಡಿನ ಮಣ್ಣಿಗೆ ಬಣ್ಣದಲ್ಲೂ ಬುದ್ಧಿಯಲ್ಲೂ ಅಣ್ಣತಮ್ಮ, ಒದ್ದೆಯಾದರೆ ಸಾಬೂನು. ಹಿರಿಯರು ಸ್ಟೇರಿಂಗಿನಲ್ಲಿ, ನಾನು ಪಕ್ಕದಲ್ಲಿ, ಹಿಂದಿನ ತಟ್ಟೆಯಲ್ಲಿ ಅವರು ಆ ದಿನ ಹೊಡೆದ ಕಾಡುಹಂದಿ. ಏರಿನ ಅರ್ಧದಲ್ಲಿ ಎಡಗಡೆಯ ಚಕ್ರ ಜಾರಿ ಗಿರ್ರನೆ ತಿರುಗತೊಡಗಿತು. ಬಲಗಡೆಯದು ಗಟ್ಟಿ ನೆಲದ ಮೇಲಿದ್ದೂ ಅಲುಗಲಿಲ್ಲ. ಎರಡು ಚಕ್ರಗಳಲ್ಲಿ ಸುಲಭವಾಗಿ ತಿರುಗುವುದು ಯಾವುದೋ ಅದಕ್ಕೇ ಸುತ್ತನ್ನೆಲ್ಲ ಕೊಡುವುದು ಮಾಮೂಲಿ ಡಿಫರೆನ್ಶಿಯಲ್ಲಿನ ಸ್ವಭಾವ. ಪಕ್ಕದ ಪೈನ್ ಕೊಂಬೆ ಮುರಿದು ಚಕ್ರದಡಿ ತುರುಕಿ ಮತ್ತೆ ಪೆಡಲ್ ತುಳಿದರು. ಎರಡು ಚಕ್ರಗಳೂ ಕಚ್ಚಿಕೊಂಡವು, ಗಾಡಿ ನರಳಿತು, ಒಂದು ಮೊಳ ಮೇಲೇರಿ ನಿಂತುಬಿಟ್ಟಿತು. ಸೀಟಿನಡಿಯಿಂದ ಸುಟ್ಟ ರಬ್ಬರಿನ ವಾಸನೆ. ಟಾರ್ಚ್ ಹಿಡಿದು ಸೀಟೆತ್ತಿ ನೋಡಿದರೆ ನಾಲ್ಕನೆಯ ಬ್ಯಾಟರಿಯ ಸೀಸದ ಕಂಬ ಮೇಣದ ಬತ್ತಿಯಂತೆ ಒಂದು ಕಡೆಗೆ ಕರಗಿ ವಾಲಿತ್ತು. ಅದಕ್ಕೆ ಕಚ್ಚಿದ್ದ ಕೇಬಲ್ಲಿನ ಕಿವಿ, ಅಂದರೆ ತುದಿಯ ಲೋಹದ ಬಳೆ, ಹಸಿರುಗಟ್ಟಿ ಸಡಿಲವಾಗಿತ್ತು. ಸಡಿಲವಾದ ಕಡೆ ತಡೆ, ತಡೆ ಇದ್ದ ಕಡೆ ಬಿಸಿ. ಸಪಾಟು ಹುಲ್ಲಿನ ಮೇಲೆ 50-60 ಆಂಪಿಯರಿಗೆ ಏನೂ ಆಗದ ಜೋಡಣೆ ಏರಿನ ಜೇಡಿಯಲ್ಲಿ ನಾಲ್ಕೈದು ಪಟ್ಟು ಕರೆಂಟ್ ಹರಿದಾಗ ಕರಗಿತು. ಹೊಸ ಟೈರು, ಹೊಸ ಲಿಫ್ಟು, ಮಿರುಗುವ ಹೊಸ ಕಂಟ್ರೋಲರ್, ಎಲ್ಲವೂ ಒಂದು ಹಳೆಯ ಕೇಬಲ್ಲಿನ ಕಿವಿಯಿಂದಾಗಿ ಕತ್ತಲಲ್ಲಿ ನಿಂತವು. ಹಂದಿಯನ್ನು ಮರುದಿನ ಬೆಳಿಗ್ಗೆ ತರಲು ಸಾಧ್ಯವಿರಲಿಲ್ಲ, ಮಾಂಸ ಕೆಡುತ್ತದೆ. ಅವರ ಮಗ ಪಿಕಪ್ ತರುವ ತನಕ ಆ ಮನುಷ್ಯ ಎದೆ ಹಿಡಿದುಕೊಂಡು ಕೂತಿದ್ದರು. ಎರಡು ವರ್ಷದ ಹಿಂದೆ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು.

ಅಂದಿನಿಂದ ಯಾವ ಗಾಡಿ ಬಂದರೂ ನಾನು ಮೊದಲು ನೋಡುವುದು ಕೇಬಲ್ಲು. ಕಂಪನಿಯ 6 ಗೇಜಿನದ್ದನ್ನು ತೆಗೆದು ದಪ್ಪನೆಯ 2 ಗೇಜಿನದ್ದು, ಕಿವಿಗಳನ್ನು ಸರಿಯಾಗಿ ಒತ್ತಿ ಕೂರಿಸಿದ್ದು. ಇದರ ಖರ್ಚು ಲಿಫ್ಟಿನ ಮುಂದೆ ಏನೇನೂ ಅಲ್ಲ. ಎರಡನೆಯದು ಗೇರು: ದೊಡ್ಡ ಟೈರು ಹಾಕುವುದಾದರೆ ಜೊತೆಗೇ ಹೆಚ್ಚು ಬಲದ ಗೇರ್ ಜೋಡಿ ಹಾಕಬೇಕು. ಮೂರನೆಯದು ಡಿಫರೆನ್ಶಿಯಲ್ಲಿಗೆ ಲಾಕ್. ಎರಡೂ ಚಕ್ರ ಒಟ್ಟಿಗೆ ತಿರುಗುವ ಎರಡು ಚಕ್ರದ ಎಳೆತ, ಒಂದೇ ಚಕ್ರ ತಿರುಗುವ ಆರಿಂಚು ಎತ್ತರಕ್ಕಿಂತ ಎಷ್ಟೋ ಮೇಲು.

ಬ್ರೇಕಿನ ವಿಷಯ ಮಾತ್ರ ಬಿಟ್ಟು ಮುಂದೆ ಹೋಗಲಾರೆ. ಮಾಮೂಲಿ ಗಾಲ್ಫ್ ಗಾಡಿಗೆ ಬ್ರೇಕು ಹಿಂದಿನ ಎರಡು ಚಕ್ರಗಳಲ್ಲಿ ಮಾತ್ರ, ಅದೂ ತಂತಿ ಎಳೆಯುವ ಡ್ರಮ್ ಬ್ರೇಕು. ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಸರಿಯುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ, ಬ್ರೇಕು ಇರುವುದು ಹಗುರಾದ ಕಡೆಯಲ್ಲೇ. ಗಾಡಿ ಎತ್ತರವಾದಷ್ಟೂ ಈ ಸರಿಯುವಿಕೆ ಹೆಚ್ಚು. ಟೈರು ದೊಡ್ಡದಾದಷ್ಟೂ ಅದೇ ಬ್ರೇಕಿನ ಹಿಡಿತ ಕಡಿಮೆ. ಡ್ರಮ್ಮಿನೊಳಗೆ ಜೇಡಿ ನೀರು ಹೊಕ್ಕರೆ ಇನ್ನೂ ಕಷ್ಟ. ನಾನು ನೋಡಿದ ಹತ್ತಾರು ಗಾಡಿಗಳಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿಸಿದ್ದು ಒಂದೇ ಒಂದು. ಸಾವಿರಾರು ಡಾಲರ್ ಖರ್ಚು ಮಾಡಿ ಬೇಟೆಗಾರರ ಹಸಿರು-ಕಂದು ಬಣ್ಣ ಹೊಡೆಸಿ, ಮುಂದೆ ಕಬ್ಬಿಣದ ಬಂಪರ್ ಕಟ್ಟಿಸಿ, ಎಲ್‌ಇಡಿ ದೀಪದ ಸಾಲು ಜೋಡಿಸಿದವರು ಬ್ರೇಕಿಗೆ ಕೈ ಹಾಕುವುದಿಲ್ಲ ಎಂಬುದು ನನಗೆ ಇಂದಿಗೂ ಅರ್ಥವಾಗದ, ಸಿಟ್ಟು ತರಿಸುವ ಸಂಗತಿ.

ಮೋಟಾರಿನ ಜಾತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹಳೆಯ ಗಾಡಿಗಳಲ್ಲಿ ಸೀರೀಸ್ ಮೋಟಾರು. ನಿಂತಲ್ಲಿಂದ ಎಳೆಯುವುದರಲ್ಲಿ ಅದನ್ನು ಮೀರಿಸುವುದು ಕಷ್ಟ, ಅದಕ್ಕೇ ಬೇಟೆಗಾರರು ಅದನ್ನೇ ಹುಡುಕಿಕೊಂಡು ಬರುತ್ತಾರೆ. ಆದರೆ ಇಳಿಜಾರಿನಲ್ಲಿ ಕಾಲು ತೆಗೆದರೆ ಅದು ಗಾಡಿಯನ್ನು ಹಿಡಿಯುವುದಿಲ್ಲ. ತಾನೂ ಹಗ್ಗ ಬಿಚ್ಚಿದ ಕರುವಿನಂತೆ ಓಡುತ್ತದೆ, ಮಿತಿಮೀರಿ ತಿರುಗಿ ಒಳಗಿನ ಸುರುಳಿ ಕಿತ್ತುಬರುವುದೂ ಉಂಟು. ಫೀಲ್ಡ್ ಸುರುಳಿಗೆ ಬೇರೆಯೇ ಕರೆಂಟ್ ಕೊಡುವ ಸೆಪೆಕ್ಸ್ ಮಾದರಿಯ ಮೋಟಾರು ಇಳಿಜಾರಿನಲ್ಲಿ ಜನರೇಟರಾಗಿ ಗಾಡಿಯನ್ನು ಹಿಡಿದು, ಸ್ವಲ್ಪ ಕರೆಂಟನ್ನು ಬ್ಯಾಟರಿಗೆ ವಾಪಸು ಕೊಡುತ್ತದೆ. ಕರಾವಳಿ ಕಡೆಯ ಸಪಾಟು ಕೆಸರಿಗೆ ಸೀರೀಸ್ ಇರಲಿ. ಉತ್ತರ ಜಾರ್ಜಿಯಾದ ಗುಡ್ಡದ ಸೀಮೆಯಲ್ಲಿ ಅದನ್ನು ಹೊಗಳುವವರ ಮಾತು ನಾನು ಒಪ್ಪುವುದಿಲ್ಲ.

ಬ್ಯಾಟರಿಯ ಲೆಕ್ಕ ಹೀಗೆ. ಎಂಟು ವೋಲ್ಟಿನ ಆರು ಸೀಸದ ಬ್ಯಾಟರಿ ಸೇರಿ 48 ವೋಲ್ಟ್, ಒಟ್ಟು ತೂಕ ಸುಮಾರು 170 ಕಿಲೋ. ಮೈಮೇಲೆ 170 ಆಂಪಿಯರ್-ಗಂಟೆ ಎಂದು ಬರೆದಿರುತ್ತದೆ, ಆದರೆ ಅದು ಇಪ್ಪತ್ತು ಗಂಟೆ ನಿಧಾನವಾಗಿ ಬಳಸಿದಾಗಿನ ಮಾತು. 50-60 ಆಂಪಿಯರ್ ಎಳೆದರೆ ಸುಮಾರು 110ಕ್ಕೆ ಇಳಿಯುತ್ತದೆ, ಜೇಡಿಯ ಏರಿನಲ್ಲಿ ಇನ್ನೂ ಕಡಿಮೆ. ಬೇಟೆಯ ಋತುವೋ ಚಳಿಗಾಲ, ಚಳಿಗೆ ಮತ್ತೊಂದಿಷ್ಟು ಕುಗ್ಗುತ್ತದೆ. ಹೊಸಬರು ಲಿಥಿಯಂ ಹಾಕಿಸಿ ನೂರಕ್ಕೂ ಹೆಚ್ಚು ಕಿಲೋ ಇಳಿಸುತ್ತಾರೆ. ಏರಿನಲ್ಲಿ ಅದರ ಸುಖ ನಿಜಕ್ಕೂ ದೊಡ್ಡದು, ನಾನೇ ಓಡಿಸಿ ನೋಡಿದ್ದೇನೆ. ಎರಡು ಮಾತು ಮಾತ್ರ ಅವರಿಗೆ ಹೇಳಬೇಕು. ಸೊನ್ನೆ ಡಿಗ್ರಿಯ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಬೇಟೆ ಶಿಬಿರದ ತಗಡಿನ ಷೆಡ್ಡಿನಲ್ಲಿ ಜನವರಿಯ ರಾತ್ರಿ ಅಷ್ಟು ಚಳಿ ಬೀಳುತ್ತದೆ. ಎರಡನೆಯದು, ಸೀಟಿನಡಿಯ ಆ ಸೀಸವೇ ಇಷ್ಟು ದಿನ ಗಾಡಿಯನ್ನು ನೆಲಕ್ಕೆ ಹಿಡಿದಿತ್ತು. ಕೆಳಗಿನ ಭಾರ ಹೋಯಿತು, ಮೇಲಿನ ಮನುಷ್ಯರು ಹಾಗೇ ಇದ್ದಾರೆ. ಆರಿಂಚು ಎತ್ತಿದ ಗಾಡಿಗೆ ಲಿಥಿಯಂ ಹಾಕಿದರೆ ಉರುಳುವ ಅಪಾಯ ಇನ್ನಷ್ಟು ಹೆಚ್ಚುತ್ತದೆ.

ಇಷ್ಟೆಲ್ಲ ತೊಂದರೆ ಯಾಕೆ, ಕಾಡಿಗೆಂದೇ ಮಾಡಿದ್ದನ್ನು ಕೊಳ್ಳಬಾರದೇ ಎಂದು ಯಾರಾದರೂ ಕೇಳಬಹುದು. ಮಿಸ್ಸಿಸ್ಸಿಪ್ಪಿಯ ನಾಚೆಜ್ ಊರಿನಲ್ಲಿ ಹುಟ್ಟಿದ ಬ್ಯಾಡ್ ಬಾಯ್ ಬಗ್ಗೀಸ್, ಮುಂದೊಂದು ಹಿಂದೊಂದು ಮೋಟಾರಿಟ್ಟು ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟ ಬ್ಯಾಟರಿ ಗಾಡಿಯನ್ನು ಬೇಟೆಗಾರರಿಗಾಗಿಯೇ ಮಾಡಿತು. ಅದನ್ನು 2010ರಲ್ಲಿ ಈಝೀ-ಗೋದ ಒಡೆಯರಾದ ಟೆಕ್ಸ್‌ಟ್ರಾನ್ ಕೊಂಡುಕೊಂಡರು. ಹೆಚ್ಚುಕಮ್ಮಿ ಅದೇ ಕಾಲಕ್ಕೆ ಪೊಲಾರಿಸ್ ಕಂಪನಿಯ ಬ್ಯಾಟರಿ ರೇಂಜರ್ ಬಂತು. ಯಂತ್ರವಾಗಿ ಇವು ಮೇಲು, ಅನುಮಾನವಿಲ್ಲ. ಆದರೆ ಪಿಂಚಣಿಯ ಮೇಲೆ ಬದುಕುವ ಹಿರಿಯರ ಕೈಗೆ ಸಿಗುವ ಬೆಲೆಯಲ್ಲ ಅವು.

ಮಾರ್ಪಡಿಸಿದ ಗಾಲ್ಫ್ ಗಾಡಿಯ ಪರವಾಗಿ ನಾನು ವಾದಿಸುವುದು ಆ ಹಿರಿಯರಿಗಾಗಿ. ಸತ್ತ ಜಿಂಕೆಯ ಕೊಂಬು ಹಿಡಿದು ಒಣ ಎಲೆಯ ಮೇಲೆ ಅರ್ಧ ಮೈಲಿ ಎಳೆದವರನ್ನು ನೋಡಿದ್ದೇನೆ. ಮುಖ ಕೆಂಪೇರಿ, ಹತ್ತು ಹೆಜ್ಜೆಗೊಮ್ಮೆ ನಿಂತು, ಮರಕ್ಕೆ ಒರಗಿ. ಬೇಟೆಯ ಋತುವಿನಲ್ಲಿ ಹೃದಯಾಘಾತದ ಬಗ್ಗೆ ವೈದ್ಯರು ಎಚ್ಚರಿಸುವುದು ಈ ಎಳೆದಾಟದ ಕಾರಣಕ್ಕೂ ಹೌದು. ಕಾಲು ಸ್ವಾಧೀನವಿಲ್ಲದವರಿಗೆ ನಿಂತ ವಾಹನದಲ್ಲೇ ಕೂತು ಬೇಟೆಯಾಡಲು ಹಲವು ರಾಜ್ಯಗಳು ವಿಶೇಷ ಪರವಾನಗಿ ಕೊಡುತ್ತವೆ. ಐವತ್ತು ವರ್ಷ ಕಾಡಿಗೆ ಹೋಗಿ ಬಂದ ಮನುಷ್ಯನಿಗೆ ಇನ್ನು ಹತ್ತು ವರ್ಷ ಕಾಡನ್ನು ಕೊಡುವ ಗಾಡಿ ಇದು. ಕೊಲ್ಲುವುದು ನನ್ನ ಮನಸ್ಸಿಗೆ ಇಂದಿಗೂ ಒಗ್ಗಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೊಡೆದ ಪ್ರಾಣಿಯ ಒಂದು ತುಂಡೂ ವ್ಯರ್ಥವಾಗದಂತೆ ಮನೆಗೆ ತಂದು ವರ್ಷವಿಡೀ ಉಣ್ಣುವ, ನೆರೆಹೊರೆಗೆ ಹಂಚುವ ಈ ಹಿರಿಯರ ಮೇಲೆ ನನಗೆ ಗೌರವವಿದೆ. ಅವರು ಕ್ಷೇಮವಾಗಿ ಹೋಗಿ ಕ್ಷೇಮವಾಗಿ ಬರಲಿ ಎಂಬ ಕಾಳಜಿಯೇ ನನ್ನ ಈ ವಿಮರ್ಶೆಯ ಹಿಂದಿದೆ.

ಹೋದ ಡಿಸೆಂಬರಿನಲ್ಲಿ ಒಮ್ಮೆ ಜೊತೆಗೆ ಹೋಗಿದ್ದೆ. ಅಟ್ಟಣೆಗೆ ಇನ್ನೂ ಮುನ್ನೂರು ಗಜ ಇರುವಾಗಲೇ ಅವರು ಗಾಡಿ ನಿಲ್ಲಿಸಿದರು. ಮಣ್ಣು ಕಚ್ಚುವ ದೊಡ್ಡ ಟೈರಿನ ಹಲ್ಲುಗಳು ಒಣ ಎಲೆಯ ಮೇಲೆ ಕರಕರ ಎನ್ನುತ್ತಿದ್ದವು. "ಮೊದಲಿನ ಸಣ್ಣ ಟೈರಿದ್ದಾಗ ಮರದ ಬುಡದ ತನಕ ಹೋಗುತ್ತಿದ್ದೆ" ಎಂದು ಪಿಸುಗುಟ್ಟಿದರು. ಕೆಳಗಿಳಿಯಲು ಗಾಡಿಯ ಕಂಬ ಹಿಡಿದು, ಒಂದು ಕಾಲು ಗಾಳಿಯಲ್ಲಿ ತಡಕಾಡಿಸಿ, ಎಂಟು ಇಂಚು ಕೆಳಗೆ ಹೋಗಿದ್ದ ನೆಲವನ್ನು ಹುಡುಕಿದರು. ನಾನು ತೋಳು ಹಿಡಿದುಕೊಂಡೆ.

ಮನೆಗೆ ಬಂದಮೇಲೆ ಇಬ್ಬರೂ ಕೂತು ಪಟ್ಟಿ ಮಾಡಿದೆವು. ಲಿಫ್ಟ್ ಕಳಚಬೇಕು, 20 ಇಂಚಿನ ಟೈರು ಹಾಕಬೇಕು, ಉಳಿದ ಹಣಕ್ಕೆ ಲಾಕ್ ಮತ್ತು ಮುಂದಿನ ಬ್ರೇಕು. ಕಿಟ್ಟನ್ನು ಕೊಳ್ಳಲು ಅವರ ಗೆಳೆಯರೊಬ್ಬರು ಆಗಲೇ ಮುಂದೆ ಬಂದಿದ್ದಾರೆ. ಮಾರುವ ಮುಂಚೆ ಅವರನ್ನು ಒಂದು ದಿನ ಕೂರಿಸಿಕೊಂಡು ಮಾತಾಡಬೇಕು ಎಂದು ಹಿರಿಯರಿಗೆ ಹೇಳಿದ್ದೇನೆ.